ಊರೂರಿನ ಊಟ, ಊರೂರಿನ ಹದ

ದೇಶ ಸುತ್ತಬೇಕು, ಕೋಶ ಓದಬೇಕು ಎಂದು ನಮ್ಮ ಹಿರಿಯರು ಹೇಳಿದರು. ಸುತ್ತುವಾಗ ಏನನ್ನು ಉಣ್ಣಬೇಕೆಂಬುದನ್ನು ಮಾತ್ರ ಹೇಳದೆ ಬಿಟ್ಟರು. ಅದಕ್ಕೇ ಇರಬೇಕು, ನಮ್ಮವರು ಪರದೇಶಕ್ಕೆ ಹೊರಟರೆಂದರೆ ಪೆಟ್ಟಿಗೆಯ ಅರ್ಧಭಾಗ ಅವಲಕ್ಕಿಗೆ, ಚಟ್ನಿಪುಡಿಗೆ, ಉಪ್ಪಿನಕಾಯಿಗೆ, ಹುರಿದಿಟ್ಟ ರವೆಗೆ ಮೀಸಲಾಗುತ್ತದೆ. ಇದನ್ನು ನಾನು ಹಾಸ್ಯಕ್ಕೆಂದು ಹೇಳುತ್ತಿಲ್ಲ. ಕಂಡರಿಯದ ಊರಿನಲ್ಲಿ ಹಸಿವಾದಾಗ ಒಂದು ಹಿಡಿ ಅವಲಕ್ಕಿ ಕೊಡುವ ಧೈರ್ಯ ಸಣ್ಣದೇನೂ ಅಲ್ಲ. ಆದರೆ ಹದಿನೈದು ದಿನವನ್ನೂ ಆ ಡಬ್ಬಿಯ ಬಲದಿಂದಲೇ ಕಳೆದು ಬಂದವರು ಆ ದೇಶದ ಕಟ್ಟಡಗಳನ್ನು ನೋಡಿ ಬಂದರೇ ಹೊರತು ಜನರನ್ನು ನೋಡಿ ಬಂದರೆನ್ನುವಂತಿಲ್ಲ.

ಇನ್ನೊಂದು ಬಗೆಯ ಪ್ರವಾಸಿಯೂ ಉಂಟು. ಆತ ಧೈರ್ಯಶಾಲಿ. ಸಿಕ್ಕಿದ್ದನ್ನೆಲ್ಲ ರುಚಿ ನೋಡುತ್ತಾನೆ, ಚಿತ್ರ ತೆಗೆದುಕೊಳ್ಳುತ್ತಾನೆ, ತಿಂಡಿಗಳ ಹೆಸರುಗಳನ್ನು ಬರೆದುಕೊಂಡು ಬಂದು ನಮಗೆ ಒಪ್ಪಿಸುತ್ತಾನೆ. ಅವನೂ ಅರ್ಧ ದಾರಿಯಲ್ಲಿ ನಿಂತವನೇ. ಏಕೆಂದರೆ ಪ್ರತಿಯೊಂದು ಊರಿನ ಊಟಕ್ಕೂ ಒಂದು ಹದವಿದೆ. ಯಾವುದನ್ನು ಎಷ್ಟು ಹೊತ್ತು ನೆನೆಹಾಕಬೇಕು, ಯಾವುದರೊಡನೆ ಬೇಯಿಸಬೇಕು, ಏನನ್ನು ನಂಜಿಕೊಳ್ಳಬೇಕು ಎಂಬುದನ್ನು ಅಲ್ಲಿಯ ತಾಯಂದಿರು ತಲೆಮಾರುಗಳಿಂದ ಕಂಡುಕೊಂಡಿರುತ್ತಾರೆ. ಪದಾರ್ಥ ಸುಲಭವಾಗಿ ಪ್ರಯಾಣ ಮಾಡುತ್ತದೆ. ಹಡಗು ಹತ್ತುತ್ತದೆ, ವಿಮಾನ ಹತ್ತುತ್ತದೆ. ಹದ ಮಾತ್ರ ಊರಲ್ಲೇ ಉಳಿದುಬಿಡುತ್ತದೆ. ಹೀಗೆ ಹದವನ್ನು ಹಿಂದೆ ಬಿಟ್ಟು ಪದಾರ್ಥವನ್ನಷ್ಟೇ ಹೊತ್ತು ತಂದ ಜನ ಎಂಥ ಬೆಲೆ ತೆತ್ತರು ಎಂಬುದಕ್ಕೆ ಎರಡು ಕಥೆಗಳನ್ನು ಮೊದಲು ಹೇಳುತ್ತೇನೆ. ಅವನ್ನು ಕೇಳಿದ ಮೇಲೆ, ಪರದೇಶದಲ್ಲಿ ಊಟಕ್ಕೆ ಕುಳಿತಾಗ ಏನನ್ನು ಕೇಳಿ ತಿಳಿಯಬೇಕೆಂಬುದು ನಿಮಗೇ ಹೊಳೆಯುತ್ತದೆ.

ಮೊದಲನೆಯದು ಮುಸುಕಿನ ಜೋಳದ ಕಥೆ. ಉತ್ತರ ಕರ್ನಾಟಕದವರು ಇದನ್ನು ಗೋವಿನ ಜೋಳವೆನ್ನುತ್ತಾರೆ, ಮೆಕ್ಕೆಜೋಳವೆಂದೂ ಹೆಸರುಂಟು. ಇದರ ತವರು ಮೆಕ್ಸಿಕೋ. ಆ ದೇಶದ ದಕ್ಷಿಣಕ್ಕೆ ವಾಹಾಕಾ ಎಂಬ ಪ್ರಾಂತ್ಯವಿದೆ. ಅಲ್ಲಿಯ ಸಂತೆಗೆ ನೀವು ಬೆಳಗಿನ ಹೊತ್ತು ಹೋದಿರೆನ್ನಿ. ಬಿಳಿ, ಹಳದಿ, ಕೆಂಪು, ಕಡುನೀಲಿ ಬಣ್ಣದ ಜೋಳ ಕಾಣುತ್ತದೆ. ಬುಟ್ಟಿಯಲ್ಲಿ ಬಟ್ಟೆ ಸುತ್ತಿಟ್ಟ ಬಿಸಿ ರೊಟ್ಟಿಗಳನ್ನು ಹೆಂಗಸರು ಮಾರುತ್ತಿರುತ್ತಾರೆ. ಟೋರ್ಟಿಯಾ ಎಂದು ಅದರ ಸ್ಪ್ಯಾನಿಷ್ ಹೆಸರು. ನೋಡುವುದಕ್ಕೆ ನಮ್ಮ ರೊಟ್ಟಿಯ ತಂಗಿಯಂತಿರುತ್ತದೆ. ಬಾಯಿಗಿಟ್ಟರೆ ಮಾತ್ರ ನಮ್ಮ ರೊಟ್ಟಿಯಲ್ಲಿಲ್ಲದ ಒಂದು ಘಮಲು ಬರುತ್ತದೆ. ಹಬ್ಬಕ್ಕೆಂದು ಹೊಸದಾಗಿ ಸುಣ್ಣ ಬಳಿಸಿದ ಮನೆಯೊಳಗೆ ಕಾಲಿಟ್ಟ ಹಾಗಾಗುತ್ತದೆ.

ಅದು ಸುಣ್ಣದ್ದೇ ವಾಸನೆ. ಎಲೆ ಅಡಿಕೆಗೆ ನಾವು ಹಚ್ಚಿಕೊಳ್ಳುತ್ತೇವಲ್ಲ, ಅಂಥದೇ ಸುಣ್ಣ. ನೂರು ಪಾಲು ಕಾಳಿಗೆ ಸುಮಾರು ಒಂದು ಪಾಲು ಸುಣ್ಣ ಸೇರಿಸಿ ನೀರಿನಲ್ಲಿ ಕುದಿಸಿ, ರಾತ್ರಿಯೆಲ್ಲ ಹಾಗೆಯೇ ನೆನೆಯಲು ಬಿಡುತ್ತಾರೆ. ಬೆಳಗ್ಗೆ ಕೈಯಲ್ಲಿ ಉಜ್ಜಿ ತೊಳೆದರೆ ಹೊಟ್ಟು ಬಿಟ್ಟುಕೊಳ್ಳುತ್ತದೆ. ಆಮೇಲೆ ಮೆತಾತೆ ಎಂಬ ಇಳಿಜಾರಾದ ಕಲ್ಲಿನ ಮೇಲೆ ಅರೆದು, ಉಂಡೆ ಮಾಡಿ ತಟ್ಟಿ, ಕೊಮಾಲ್ ಎಂಬ ಕಾವಲಿಯ ಮೇಲೆ ಸುಡುತ್ತಾರೆ. ಹೀಗೆ ಹದಗೊಳಿಸಿದ ಜೋಳಕ್ಕೆ ನಿಷ್ತಮಾಲ್ ಎಂದು ಹೆಸರು. ಆ ದೇಶದ ನಾವಾತ್ಲ್ ಎಂಬ ಹಳೆಯ ಭಾಷೆಯಲ್ಲಿ ಬೂದಿ ಎಂಬ ಮಾತೂ ಹಿಟ್ಟಿನ ಮುದ್ದೆ ಎಂಬ ಮಾತೂ ಕೂಡಿ ಆದ ಶಬ್ದವಿದು. ಸುಣ್ಣ ಸಿಗದ ಕಡೆ ಸೌದೆಯ ಬೂದಿಯನ್ನೇ ಹಾಕುವ ವಾಡಿಕೆಯೂ ಉಂಟು. ಮೂರು ಸಾವಿರ ವರ್ಷಗಳಿಂದಲಾದರೂ ಈ ಪದ್ಧತಿ ಆ ಸೀಮೆಯಲ್ಲಿ ನಡೆದುಕೊಂಡು ಬಂದಿದೆ.

ಹೊಟ್ಟು ಬಿಡಿಸುವುದಕ್ಕೆ, ಹಿಟ್ಟು ಅಂಟು ಬರುವುದಕ್ಕೆ ಇಷ್ಟೆಲ್ಲ ಮಾಡುತ್ತಾರೆಂದು ಹೊರಗಿನವರು ತಿಳಿದರು. ಒಳಗೆ ನಡೆಯುವ ಕೆಲಸ ಬೇರೆಯೇ ಇತ್ತು. ಮುಸುಕಿನ ಜೋಳದಲ್ಲಿ ನಯಾಸಿನ್ ಎಂಬ ಜೀವಸತ್ವವಿದೆ. ಆದರೆ ಅದು ಕಟ್ಟಿಹಾಕಿದಂತೆ ಇರುವುದರಿಂದ ನಮ್ಮ ದೇಹ ಅದನ್ನು ಬಳಸಿಕೊಳ್ಳಲಾರದು. ಸುಣ್ಣದ ನೀರು ಆ ಕಟ್ಟನ್ನು ಬಿಚ್ಚುತ್ತದೆ. ಜೊತೆಗೆ ಸುಣ್ಣದ ಅಂಶವೂ ರೊಟ್ಟಿಗೆ ಸೇರುತ್ತದೆ. ಪಕ್ಕದಲ್ಲಿ ಹುರುಳಿಕಾಯಿ ಜಾತಿಯ ಒಣಕಾಳಿನ ಪಲ್ಯ, ಕುಂಬಳದ ಬೀಜ, ಮೆಣಸಿನಕಾಯಿ ಇದ್ದರೆ ಊಟ ಸಂಪೂರ್ಣವಾಯಿತು. ಜೀವಸತ್ವವೆಂಬ ಮಾತೇ ಹುಟ್ಟದಿದ್ದ ಕಾಲದಲ್ಲಿ ಆ ಜನ ಇದನ್ನು ಕಂಡುಕೊಂಡಿದ್ದರು.

ಕೊಲಂಬಸನು ೧೪೯೨ರಲ್ಲಿ ಅಟ್ಲಾಂಟಿಕ್ ಸಾಗರವನ್ನು ದಾಟಿದ ಮೇಲೆ ಈ ಕಾಳು ಸ್ಪೇನಿಗೆ ಬಂದಿತು, ಅಲ್ಲಿಂದ ಇಟಲಿಗೆ ಹೋಯಿತು. ಬೆಳೆ ಹುಲುಸು, ಬೆಲೆ ಅಗ್ಗ. ಕಾಳು ಬಂತು, ಸುಣ್ಣದ ಹದ ಬರಲಿಲ್ಲ. ಬಡವರು ಕಾಳನ್ನು ಹಾಗೆಯೇ ಬೀಸಿ, ಹಿಟ್ಟನ್ನು ಗಂಜಿ ಮಾಡಿ, ಮೂರು ಹೊತ್ತೂ ಅದನ್ನೇ ಉಂಡರು. ೧೭೩೫ರಲ್ಲಿ ಸ್ಪೇನಿನ ಅಸ್ತೂರಿಯಾಸ್ ಪ್ರಾಂತ್ಯದ ವೈದ್ಯ ಗಾಸ್ಪಾರ್ ಕಸಾಲ್ ಒಂದು ಹೊಸ ರೋಗವನ್ನು ಗುರುತಿಸಿದ. ಬಿಸಿಲು ಬಿದ್ದ ಕಡೆಯಲ್ಲೆಲ್ಲ ಚರ್ಮ ಕಂದಿ ಒಡೆಯುತ್ತಿತ್ತು. ಕೊರಳ ಸುತ್ತ ಸರ ಹಾಕಿದಂತೆ ಹುಣ್ಣಿನ ಪಟ್ಟಿ. ಆಮೇಲೆ ಭೇದಿ, ಬುದ್ಧಿಭ್ರಮೆ, ಸಾವು. ೧೭೭೧ರಲ್ಲಿ ಇಟಲಿಯ ಫ್ರಾಪೊಲ್ಲಿ ಎಂಬ ವೈದ್ಯ ಇದನ್ನು ಪೆಲ್ಲಾಗ್ರ ಎಂಬ ಹೆಸರಿನಿಂದ ವಿವರಿಸಿದ. ಒರಟು ಚರ್ಮವೆಂದು ಅದರ ಅರ್ಥ. ಉತ್ತರ ಇಟಲಿಯ ಹಳ್ಳಿಗಳಲ್ಲಿ ನೂರಾರು ವರ್ಷ ಇದು ಮನೆಮನೆಯ ಶಾಪವಾಗಿತ್ತು.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇದೇ ರೋಗ ಅಮೆರಿಕದ ದಕ್ಷಿಣ ಸಂಸ್ಥಾನಗಳಲ್ಲಿ ಹಬ್ಬಿತು. ಅಂಟುಜಾಡ್ಯವೆಂದು ಜನ ಹೆದರಿದರು. ೧೯೧೪ರಲ್ಲಿ ಸರ್ಕಾರದ ವೈದ್ಯ ಜೋಸೆಫ್ ಗೋಲ್ಡ್‌ಬರ್ಗರ್ ವಿಚಾರಣೆಗೆ ಬಂದಾಗ ಅನಾಥಾಲಯಗಳಲ್ಲಿ ಒಂದು ವಿಚಿತ್ರವನ್ನು ಕಂಡರು. ಮಕ್ಕಳಿಗೆ ರೋಗವಿದೆ, ನೋಡಿಕೊಳ್ಳುವ ದಾದಿಯರಿಗಿಲ್ಲ. ಅಂಟುವ ರೋಗವಾದರೆ ದಾದಿಯರನ್ನು ಬಿಡುತ್ತಿತ್ತೆ? ಮಕ್ಕಳಿಗೆ ಹಾಲು, ಮೊಟ್ಟೆ, ಮಾಂಸ, ಕಾಳುಗಳನ್ನು ಕೊಡಿಸಿದರು, ರೋಗ ಬಿಟ್ಟುಹೋಯಿತು. ಹತ್ತಿಯನ್ನು ಮನೆ ಬಾಗಿಲವರೆಗೂ ಬಿತ್ತಿ, ಒಂದು ಹಿಡಿ ತರಕಾರಿಗೂ ನೆಲ ಬಿಡದ ಬಡತನವೇ ಇದರ ಬೇರು ಎಂದು ಅವರು ಹೇಳಿದಾಗ ದೊಡ್ಡವರಿಗೆ ಹಿಡಿಸಲಿಲ್ಲ. ೧೯೩೭ರಲ್ಲಿ ಕಾನ್ರಾಡ್ ಎಲ್ವೆಹಿಯೆಮ್ ಎಂಬ ವಿಜ್ಞಾನಿ, ನಾಯಿಗಳಿಗೆ ಬರುವ ಇಂಥದೇ ರೋಗ ನಿಕೊಟಿನಿಕ್ ಆಮ್ಲದಿಂದ, ಅಂದರೆ ನಯಾಸಿನ್ನಿನಿಂದ, ಗುಣವಾಗುತ್ತದೆಂದು ತೋರಿಸಿದರು. ಅಷ್ಟರಲ್ಲಿ ಅಮೆರಿಕದಲ್ಲಿ ಸತ್ತವರು ಸುಮಾರು ಒಂದು ಲಕ್ಷವೆಂದು ಅಂದಾಜು. ಇತ್ತ ಮೆಕ್ಸಿಕೋದ ಹಳ್ಳಿಗಳಲ್ಲಿ ಹೊತ್ತುಹೊತ್ತಿಗೂ ಇದೇ ಜೋಳವನ್ನು ಉಣ್ಣುವವರಲ್ಲಿ ಈ ರೋಗ ತೀರ ಅಪರೂಪವಾಗಿತ್ತು. ಸಂತೆಯ ಒಬ್ಬ ಮುದುಕಿಯನ್ನು ಕೂರಿಸಿಕೊಂಡು, ತಾಯಿ, ಈ ಸುಣ್ಣವೇಕೆ ಎಂದು ಕೇಳಿ, ಅದನ್ನು ಮರ್ಯಾದೆಯಿಂದ ಪಾಲಿಸಿದ್ದರೆ ಎಷ್ಟು ಜೀವ ಉಳಿಯುತ್ತಿದ್ದುವೋ!

ಎರಡನೆಯದು ಆಲೂಗಡ್ಡೆಯ ಕಥೆ. ಅದರ ತವರು ದಕ್ಷಿಣ ಅಮೆರಿಕದ ಆಂಡಿಸ್ ಪರ್ವತ. ಪೆರು, ಬೊಲಿವಿಯಾ ದೇಶಗಳ ನಡುವೆ ಸುಮಾರು ೧೨,೫೦೦ ಅಡಿ ಎತ್ತರದಲ್ಲಿ ತಿತಿಕಾಕಾ ಸರೋವರವಿದೆ. ಅದರ ಸುತ್ತಣ ಬಯಲಿನಲ್ಲಿ ನಿಮ್ಮ ಮುಂದೆ ಕಪ್ಪಗೆ, ಗಟ್ಟಿಗೆ, ಬೆಣಚುಕಲ್ಲಿನ ಹಾಗೆ ಇರುವ ಗಡ್ಡೆಗಳನ್ನು ತಂದಿಟ್ಟರೆ ಬೆಚ್ಚಬೇಡಿ. ಅದು ಚುನ್ಯೋ. ಜೂನ್, ಜುಲೈ ತಿಂಗಳು ಅಲ್ಲಿ ಚಳಿಗಾಲ. ರಾತ್ರಿ ಗಡ್ಡೆಗಳನ್ನು ನೆಲದ ಮೇಲೆ ಹರವಿ ಹಿಮಕ್ಕೆ ಬಿಡುತ್ತಾರೆ. ಹಗಲಿನ ಬಿಸಿಲಿಗೆ ಅವು ಕರಗಿ ಮೆತ್ತಗಾದಾಗ ಬರಿಗಾಲಿನಲ್ಲಿ ತುಳಿದು ನೀರನ್ನು ಹಿಂಡುತ್ತಾರೆ. ಕೆಲವು ದಿನ ಹೀಗೆ ಮಾಡಿ ಒಣಗಿಸಿದರೆ ವರ್ಷಗಟ್ಟಲೆ ಕೆಡುವುದಿಲ್ಲ. ನಾವು ಬೇಸಿಗೆಯ ಬಿಸಿಲು ನೋಡಿ ಮಾಳಿಗೆಯ ಮೇಲೆ ಸಂಡಿಗೆ ಇಡುತ್ತೇವೆ. ಅವರು ಚಳಿಗಾಲದ ಹಿಮ ನೋಡಿ ಗಡ್ಡೆ ಹರವುತ್ತಾರೆ. ಬೆಟ್ಟದ ಕೆಲವು ಆಲೂಗಡ್ಡೆಗಳು ಕಹಿ, ವಿಷದ ಅಂಶವುಳ್ಳವು. ಈ ಹದದಲ್ಲಿ ಅದೂ ಬಹಳ ಮಟ್ಟಿಗೆ ಇಳಿದುಹೋಗುತ್ತದೆ. ಒಂದು ಜಾತಿಯ ಜೇಡಿಮಣ್ಣನ್ನು ನೀರಿನಲ್ಲಿ ಕದಡಿ ಚಟ್ನಿಯಂತೆ ನಂಜಿಕೊಂಡು ಆಲೂಗಡ್ಡೆ ತಿನ್ನುವ ಪದ್ಧತಿಯೂ ಅಲ್ಲುಂಟು. ಮಣ್ಣು ಆ ಕಹಿಯ ಅಂಶವನ್ನು ಹಿಡಿದಿಟ್ಟುಕೊಳ್ಳುತ್ತದೆ.

ಅಡಿಗೆಯ ಹದದ ಜೊತೆಗೆ ಬಿತ್ತನೆಯ ಹದವೂ ಅವರಲ್ಲಿದೆ. ಅಲ್ಲಿಯ ರೈತ ಒಂದೇ ಜಾತಿಯನ್ನು ನಂಬುವುದಿಲ್ಲ. ಬೆಟ್ಟದ ಬೇರೆ ಬೇರೆ ಎತ್ತರಗಳಲ್ಲಿ ಹತ್ತಾರು ಬಗೆಯ ಗಡ್ಡೆಗಳನ್ನು ಹಾಕುತ್ತಾನೆ. ಒಂದಕ್ಕೆ ರೋಗ ಬಂದರೆ ಇನ್ನೊಂದು ಉಳಿಯುತ್ತದೆ, ಒಂದು ಹಿಮಕ್ಕೆ ಸುಟ್ಟರೆ ಮತ್ತೊಂದು ತಡೆಯುತ್ತದೆ. ೧೯೭೧ರಲ್ಲಿ ಪೆರುವಿನ ಲಿಮಾ ನಗರದಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ಆಲೂಗಡ್ಡೆ ಕೇಂದ್ರದಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಬಗೆಗಳನ್ನು ಕಾಪಾಡಿದ್ದಾರೆಂದರೆ ಆ ರೈತರ ಆಸ್ತಿ ಎಷ್ಟೆಂದು ಊಹಿಸಬಹುದು.

ಈ ಗಡ್ಡೆಯೂ ಹಡಗು ಹತ್ತಿ ಯೂರೋಪಿಗೆ ಹೋಯಿತು. ಐರ್ಲೆಂಡಿನ ಬಡ ಗೇಣಿದಾರರು ಇದನ್ನೇ ನೆಚ್ಚಿಕೊಂಡರು. ಅದರಲ್ಲಿಯೂ ಲಂಪರ್ ಎಂಬ ಒಂದೇ ಜಾತಿಯನ್ನು ಹೆಚ್ಚಾಗಿ ಹಾಕಿದರು. ಗಡ್ಡೆಯಿಂದಲೇ ಗಡ್ಡೆ ಬೆಳೆಯುವುದಾದ್ದರಿಂದ ದೇಶದ ಹೊಲಗಳೆಲ್ಲ ಒಂದೇ ಗಿಡದ ಮಕ್ಕಳಿದ್ದಂತೆ. ೧೮೪೫ರಲ್ಲಿ ಅಂಗಮಾರಿ ರೋಗ ಬಂದಿತು. ಒಂದಕ್ಕೆ ಹಿಡಿದದ್ದು ಎಲ್ಲಕ್ಕೂ ಹಿಡಿಯಿತು. ಮುಂದಿನ ಕೆಲವೇ ವರ್ಷಗಳಲ್ಲಿ ಸುಮಾರು ಹತ್ತು ಲಕ್ಷ ಜನ ಹಸಿವಿನಿಂದಲೂ ಜ್ವರದಿಂದಲೂ ಸತ್ತರು. ಇನ್ನೂ ಅಷ್ಟೇ ಜನ ದೇಶ ಬಿಟ್ಟು ಹೋದರು. ಜಮೀನುದಾರರ ಗೇಣಿ, ಅಂದಿನ ಬ್ರಿಟಿಷ್ ಸರ್ಕಾರದ ಉದಾಸೀನ ಇವೂ ಕಾರಣಗಳೆಂಬುದನ್ನು ಮರೆಯುವಂತಿಲ್ಲ. ಜನ ಸಾಯುತ್ತಿದ್ದಾಗಲೂ ಆ ದೇಶದಿಂದ ಧಾನ್ಯ ಹೊರಕ್ಕೆ ಸಾಗುತ್ತಿತ್ತು. ಆದರೂ ಆಂಡಿಸಿನ ರೈತನ ಹತ್ತಾರು ಬಗೆಗಳು ಆ ಹೊಲಗಳಲ್ಲಿದ್ದಿದ್ದರೆ ಪೆಟ್ಟು ಇಷ್ಟು ಬಲವಾಗಿ ಬೀಳುತ್ತಿರಲಿಲ್ಲ.

ಕಹಿ ಕಥೆಗಳು ಸಾಕು. ಇನ್ನು ಸಿಹಿ ಮಾತಿಗೆ ಬರೋಣ. ಆಫ್ರಿಕದ ಪೂರ್ವ ಭಾಗದಲ್ಲಿ ಇಥಿಯೋಪಿಯಾ ದೇಶವಿದೆ. ಕನ್ನಡಿಗನಿಗೆ ಅಲ್ಲಿಯ ಊಟದಷ್ಟು ಬೇಗ ಒಗ್ಗುವ ಪರದೇಶದ ಊಟ ಕಡಮೆ ಎಂದೇ ಹೇಳಬಹುದು. ಟೆಫ್ ಎಂಬ ಧಾನ್ಯ, ರಾಗಿಗಿಂತಲೂ ಸಣ್ಣ ಕಾಳು. ಅದರ ಹಿಟ್ಟನ್ನು ಕಲಸಿ, ಹಿಂದಿನ ಸಲದ ಹುಳಿನೀರನ್ನು ಸೇರಿಸಿ, ಎರಡು ಮೂರು ದಿನ ಹುದುಗಲು ಬಿಡುತ್ತಾರೆ. ಮಿತಾದ್ ಎಂಬ ಅಗಲವಾದ ಕಾವಲಿಯ ಮೇಲೆ ಅಂಚಿನಿಂದ ನಡುವಿನವರೆಗೆ ಸುತ್ತಿ ಹುಯ್ದು, ಮುಚ್ಚಳ ಮುಚ್ಚಿ ಬೇಯಿಸುತ್ತಾರೆ, ಮಗುಚುವುದಿಲ್ಲ. ಮೇಲೆಲ್ಲ ಕಣ್ಣು ಕಣ್ಣು ಬಿದ್ದ ಆ ದೊಡ್ಡ ದೋಸೆಗೆ ಇಂಜೆರಾ ಎಂದು ಹೆಸರು. ಹುಳಿ ಬರಿಸಿದ್ದರಿಂದ ಧಾನ್ಯದಲ್ಲಿರುವ ಕಬ್ಬಿಣದಂಥ ಖನಿಜಗಳು ದೇಹಕ್ಕೆ ಸುಲಭವಾಗಿ ಹತ್ತುತ್ತವೆ. ದೋಸೆಯ ಹಿಟ್ಟನ್ನು ರಾತ್ರಿ ಕಲಸಿಡುವ ನಮ್ಮ ಗೃಹಿಣಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾದುದಿಲ್ಲ.

ಶಾಕಾಹಾರಿಗಳಿಗೆ ಅಲ್ಲೊಂದು ಅನುಕೂಲವಿದೆ. ಅಲ್ಲಿಯ ಪುರಾತನ ಕ್ರೈಸ್ತ ಸಂಪ್ರದಾಯದವರು ಬುಧವಾರ, ಶುಕ್ರವಾರ ವ್ರತ ಹಿಡಿಯುತ್ತಾರೆ. ಈಸ್ಟರಿಗೆ ಮುಂಚೆ ೫೫ ದಿನ ಹಿಡಿಯುತ್ತಾರೆ. ಆ ದಿನಗಳಲ್ಲಿ ಮಾಂಸ, ಮೊಟ್ಟೆ, ಹಾಲು, ಬೆಣ್ಣೆ ಒಂದೂ ಇಲ್ಲ. ಮೀನನ್ನು ಮಾತ್ರ ಕೆಲವರು ತಿನ್ನುವುದುಂಟು. ಊಟದ ಮನೆಯಲ್ಲಿ ತ್ಸೋಮ್, ಅಂದರೆ ಉಪವಾಸ, ಎಂಬ ಒಂದು ಮಾತು ಹೇಳಿದರೆ ಸಾಕು, ಬೇಳೆಯ ಸಾರು, ಕಡಲೆಹಿಟ್ಟಿನ ಶಿರೊ, ಸೊಪ್ಪಿನ ಪಲ್ಯ ಬರುತ್ತವೆ. ಮೆಕ್ಸಿಕೋದಲ್ಲಿ ಇಷ್ಟು ಸುಲಭವಿಲ್ಲ. ಅಲ್ಲಿ ಕಾಳಿನ ಪಲ್ಯಕ್ಕೂ ಹಂದಿಯ ಕೊಬ್ಬನ್ನು ಹಾಕುವುದುಂಟು. ಮಾಂತೇಕಾ ಹಾಕಿದ್ದೀರಾ ಎಂದು ಕೇಳಿ ತಿಳಿಯಬೇಕು. ಇಥಿಯೋಪಿಯಾದಲ್ಲಿ ಎಲ್ಲರೂ ಒಂದೇ ತಟ್ಟೆಯ ಸುತ್ತ ಕೂರುತ್ತಾರೆ. ನಿಮ್ಮನ್ನು ಕರೆದ ಮನೆಯವರು ಇಂಜೆರಾದ ಒಂದು ತುತ್ತನ್ನು ಪಲ್ಯದಲ್ಲಿ ಸುತ್ತಿ ತಮ್ಮ ಕೈಯಿಂದಲೇ ನಿಮ್ಮ ಬಾಯಿಗಿಟ್ಟರೆ ಸಂಕೋಚಪಡಬೇಡಿ. ಅದಕ್ಕೆ ಗುರ್ಷಾ ಎನ್ನುತ್ತಾರೆ. ನಮ್ಮ ಕೈತುತ್ತೇ ಅದು.

ಆ ದೇಶದ ಹೊಲಗಳಲ್ಲಿ ನಮ್ಮವರೇ ಆದ ಇನ್ನೊಬ್ಬರ ಭೇಟಿಯಾಗುತ್ತದೆ. ರಾಗಿ! ಅಲ್ಲಿ ಅದಕ್ಕೆ ದಾಗುಸ್ಸಾ ಎಂದು ಹೆಸರು. ಪೂರ್ವ ಆಫ್ರಿಕದ ಆ ಎತ್ತರದ ನಾಡೇ ರಾಗಿಯ ಮೂಲಸ್ಥಾನ. ಸಾವಿರಾರು ವರ್ಷಗಳ ಹಿಂದೆ ಅದು ನಮ್ಮ ಕಡೆಗೆ ಬಂದಿತು. ಅವರು ಅದರಿಂದ ಇಂಜೆರಾ ಮಾಡುತ್ತಾರೆ, ಗಂಜಿ ಮಾಡುತ್ತಾರೆ, ಬುರುಗು ಬರುವ ಪಾನೀಯವನ್ನೂ ಇಳಿಸುತ್ತಾರೆ. ನಾವು ಮುದ್ದೆ ಕಟ್ಟುವುದನ್ನು ಕಲಿತೆವು. ಕಾಳನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿ, ಬೀಸಿ ಹಾಲುಗೂಸಿಗೆ ಸರಿ ಉಣ್ಣಿಸುವುದನ್ನು ಕಲಿತೆವು. ಮುದ್ದೆಗೆ ಸೊಪ್ಪಿನ ಸಾರು, ಅವರೆಕಾಳಿನ ಹುಳಿ ಜೊತೆಯಾದುವು. ಹದವನ್ನು ಜೊತೆಗೆ ತರದಿದ್ದರೆ ಹೊಸದಾಗಿ ಕಂಡುಕೊಳ್ಳಬೇಕಾಗುತ್ತದೆ. ನಾವು ಕಂಡುಕೊಂಡೆವು, ಆದರೆ ಅದಕ್ಕೆ ಎಷ್ಟು ತಲೆಮಾರು ಬೇಕಾಯಿತೋ!

ಈಗ ಉತ್ತರ ಕರ್ನಾಟಕದ ಒಂದು ತಾಟನ್ನು ಕಣ್ಣ ಮುಂದೆ ತಂದುಕೊಳ್ಳಿ. ಬಿಳಿಜೋಳದ ರೊಟ್ಟಿ, ಶೇಂಗಾ ಚಟ್ನಿ, ಕಾಳುಪಲ್ಯ, ಮೊಸರು. ಇದಕ್ಕಿಂತ ನಮ್ಮದು ಎನ್ನುವ ಊಟ ಯಾವುದಿದೆ? ಆದರೆ ಜೋಳ ಆಫ್ರಿಕದ್ದು. ಶೇಂಗಾ ದಕ್ಷಿಣ ಅಮೆರಿಕದ್ದು. ಚಟ್ನಿಯಲ್ಲಿರುವ ಮೆಣಸಿನಕಾಯಿ ಮೆಕ್ಸಿಕೋ ಸೀಮೆಯದು. ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರ ಹಡಗಿನಲ್ಲಿ ನಮ್ಮ ಪಶ್ಚಿಮ ಕರಾವಳಿಗೆ ಬಂದದ್ದು. ಮೂರು ಕಡೆಯಿಂದ ಬಂದ ಪದಾರ್ಥಗಳನ್ನು ಒಂದು ತಾಟಿನಲ್ಲಿ ಕೂಡಿಸಿದ ಹದ ಮಾತ್ರ ನಮ್ಮ ತಾಯಂದಿರದು.

ಆ ಕೂಡಿಕೆಯೂ ಸುಮ್ಮನೆ ಆದದ್ದಲ್ಲ. ಹೈದರಾಬಾದಿನ ಪೋಷಣ ಸಂಶೋಧನಾಲಯದ ಡಾಕ್ಟರ್ ಗೋಪಾಲನ್ ಮತ್ತು ಅವರ ಸಂಗಡಿಗರು ೧೯೬೦ರ ಸುಮಾರಿನಲ್ಲಿ, ದಖ್ಖಣದ ಬಡವರಲ್ಲಿ ಬಹುಮಟ್ಟಿಗೆ ಜೋಳವೊಂದನ್ನೇ ಉಣ್ಣುವವರಿಗೆ ಪೆಲ್ಲಾಗ್ರ ಬರುವುದನ್ನು ಗುರುತಿಸಿ, ಅದರ ಕಾರಣಗಳನ್ನು ವಿಚಾರಿಸಿದರು. ಇಟಲಿಯ ಹಳ್ಳಿಗನಿಗೆ ಬಂದ ರೋಗವೇ ನಮ್ಮ ಕೂಲಿಕಾರನಿಗೂ ಬಂದಿತ್ತು. ಶೇಂಗಾದಲ್ಲಿ ನಯಾಸಿನ್ ಧಾರಾಳವಾಗಿದೆ. ಹಾಲು ಮೊಸರು ಬೇಳೆಗಳಲ್ಲಿ ದೇಹ ಅದನ್ನು ತಾನೇ ಮಾಡಿಕೊಳ್ಳುವುದಕ್ಕೆ ಬೇಕಾದ ಅಂಶವಿದೆ. ರೊಟ್ಟಿಯ ಪಕ್ಕದ ಆ ಚಟ್ನಿ ಬಾಯಿ ಚಪಲಕ್ಕೆ ಬಂದದ್ದೆಂದು ತಿಳಿದು ಅದನ್ನು ತೆಗೆದುಹಾಕಿದರೆ, ಅಥವಾ ಅದನ್ನು ಕೊಳ್ಳಲಾರದಷ್ಟು ಬಡತನ ಬಂದರೆ, ರೊಟ್ಟಿಯೊಂದೇ ಮನುಷ್ಯನನ್ನು ಕಾಯಲಾರದು.

ಆದ್ದರಿಂದ ನೀವು ಪ್ರವಾಸ ಹೊರಟಾಗ ಅವಲಕ್ಕಿ ಬೇಕಾದರೆ ಇರಲಿ, ಬೇಡವೆನ್ನುವುದಿಲ್ಲ. ಹೋದ ಊರಿನಲ್ಲಿ ಬೆಳಗಿನ ಸಂತೆಗೆ ಒಂದು ಸಲ ಹೋಗಿ. ಯಾವುದು ರಾಶಿ ಬಿದ್ದಿದೆಯೋ ಅದೇ ಆ ಊರಿನ ಊಟ. ಊಟದ ಮನೆಗಳಲ್ಲಿ, ಕೂಲಿಕಾರರೂ ಗುಮಾಸ್ತರೂ ಮಧ್ಯಾಹ್ನ ಕುಳಿತು ಉಣ್ಣುವ ಕಡೆ ಉಣ್ಣಿ. ಅಡಿಗೆ ಮಾಡಿದವರನ್ನು ನಾಲ್ಕು ಮಾತು ಕೇಳಿ: ಇದನ್ನು ಹೇಗೆ ಹದ ಮಾಡುತ್ತೀರಿ? ಇದರ ಜೊತೆಗೆ ಏನನ್ನು ಉಣ್ಣುತ್ತೀರಿ? ಯಾವ ಕಾಲದಲ್ಲಿ ಉಣ್ಣುತ್ತೀರಿ? ಏನೂ ಸಿಗದ ತಿಂಗಳಲ್ಲಿ ಏನು ಮಾಡುತ್ತೀರಿ? ಭಾಷೆ ಬಾರದಿದ್ದರೆ ಕೈಸನ್ನೆ ಸಾಕು. ಅಡಿಗೆಮನೆಯಲ್ಲಿ ಅರ್ಧ ಮಾತು ಕೈಯೇ ಆಡುತ್ತದೆ. ತಮ್ಮ ಊಟವನ್ನು ಗೌರವದಿಂದ ಕೇಳುವ ಅತಿಥಿಯನ್ನು ಯಾವ ದೇಶದ ತಾಯಿಯೂ ಹಿಂದಕ್ಕೆ ಕಳುಹಿಸುವುದಿಲ್ಲ.

ಈ ಹದಗಳು ತಾವಾಗಿಯೇ ಉಳಿಯುತ್ತವೆಂದು ನಂಬಬೇಡಿ. ೨೦೧೦ರಲ್ಲಿ ಯುನೆಸ್ಕೋ ಸಂಸ್ಥೆ ಮೆಕ್ಸಿಕೋದ ಸಾಂಪ್ರದಾಯಿಕ ಅಡಿಗೆಯನ್ನು ಮಾನವಕುಲದ ಪರಂಪರೆಯೆಂದು ಮನ್ನಿಸಿತು. ಆದರೂ ಆ ದೇಶದ ಪಟ್ಟಣಗಳಲ್ಲಿ ರಾತ್ರಿ ಜೋಳ ನೆನೆಹಾಕುವ ಮನೆಗಳಿಗಿಂತ ಪೊಟ್ಟಣದ ಹಿಟ್ಟು ಕೊಳ್ಳುವ ಮನೆಗಳೇ ಹೆಚ್ಚು. ನಮ್ಮಲ್ಲಿಯೂ ೨೦೨೩ನ್ನು ಸಿರಿಧಾನ್ಯಗಳ ವರ್ಷವೆಂದು ಆಚರಿಸಿದರು. ರಾಗಿ, ನವಣೆ, ಸಾಮೆ ಅಂಗಡಿಯ ಕಪಾಟಿನಲ್ಲಿ ಬಣ್ಣದ ಪೊಟ್ಟಣಗಳಾಗಿ ಕುಳಿತಿವೆ. ಧಾನ್ಯ ಮರಳಿ ಬಂದದ್ದು ಸಂತೋಷ. ಅದರ ಹದವೂ ಜೊತೆಗೆ ಬಂದಿದೆಯೇ ಎಂದು ನಿಮ್ಮ ಮನೆಯ ಅಜ್ಜಿಯನ್ನು ಕೇಳಿ ನೋಡಿ. ಅವರು ಹೇಳುವುದನ್ನು ಮಕ್ಕಳ ಕೈಯಲ್ಲಿ ಒಂದು ಪುಸ್ತಕದಲ್ಲಿ ಬರೆಯಿಸಿಡಿ. ಮುಂದೊಂದು ದಿನ ಮೆಕ್ಸಿಕೋದಿಂದಲೋ ಇಥಿಯೋಪಿಯಾದಿಂದಲೋ ಬಂದ ಅತಿಥಿ ನಿಮ್ಮ ಮನೆಯಲ್ಲಿ ಊಟಕ್ಕೆ ಕುಳಿತು, ಈ ರೊಟ್ಟಿಯ ಜೊತೆಗೆ ಈ ಚಟ್ನಿಯೇ ಏಕೆ ಎಂದು ಕೇಳಿದರೆ, ಉತ್ತರ ಹೇಳಬಲ್ಲವರು ಮನೆಯಲ್ಲಿ ಒಬ್ಬರಾದರೂ ಇರಬೇಕಲ್ಲವೆ?